ದಿಬ್ಬ ಹತ್ತದ ಗಾಡಿ

ದನದ ಡಾಕ್ಟರಮ್ಮನ ಕಾರು ಮತ್ತೆ ಗ್ಯಾರೇಜಿನ ಬಾಗಿಲಿಗೆ ಬಂದಾಗ ಅಕ್ಕ ಕೌಂಟರಿನ ಹಿಂದೆ ಕುಳಿತು ಫೋನಿನಲ್ಲಿ ಬೇರೊಬ್ಬ ಗಿರಾಕಿಗೆ ಸಮಾಧಾನ ಹೇಳುತ್ತಿದ್ದಳು. ತಲೆ ಎತ್ತಿ ನೋಡಬೇಕಾದ ಅಗತ್ಯವೇ ಬರಲಿಲ್ಲ, ಸದ್ದೇ ಎಲ್ಲ ಹೇಳಿತು. ಎಂಜಿನ್ನು ಗಂಟಲು ಹರಿಯುವಂತೆ ಕೂಗುತ್ತಿತ್ತು, ಗಾಡಿ ಮಾತ್ರ ತುಂಬು ಗಬ್ಬದ ಎಮ್ಮೆಯ ಹಾಗೆ ಒಂದೊಂದೇ ಹೆಜ್ಜೆ ಇಡುತ್ತ ಒಳಗೆ ಬಂತು.

ಡಾಕ್ಟರಮ್ಮ ಗಮ್‌ಬೂಟಿನಲ್ಲೇ ಇಳಿದರು. ಮೊಣಕಾಲಿನ ತನಕ ಕೆಸರು.

"ಅಕ್ಕಾ, ನೀವು ಸರಿಹೋಗಿದೆ ಅಂದ್ರಿ, ನಾನೂ ನಂಬಿದೆ. ಇವತ್ತು ಬೆಳಿಗ್ಗೆ ದಿಬ್ಬದ ಮೇಲಿನ ಡೇರಿಯಿಂದ ಫೋನು. ಹಸು ಕರು ಹಾಕೋಕೆ ಒದ್ದಾಡ್ತಿದೆ, ಬೇಗ ಬನ್ನಿ ಅಂತ. ಅರ್ಧ ದಿಬ್ಬ ಹತ್ತಿದ ಮೇಲೆ ಎಷ್ಟು ಒತ್ತಿದ್ರೂ ಎಂಜಿನ್ ಕೂಗುತ್ತೆ, ಗಾಡಿ ಎಳೆಯೋದೇ ಇಲ್ಲ. ಕೊನೆಗೆ ಬ್ಯಾಗ್ ಹೆಗಲಿಗೆ ಹಾಕ್ಕೊಂಡು ನಡೆದೆ. ನಾನು ಏದುಸಿರು ಬಿಡ್ತಾ ತಲುಪಿದಾಗ ಕರು ತಾನಾಗೇ ಹುಟ್ಟಿ, ಎದ್ದು ನಿಂತು, ಇದ್ಯಾರು ಅಂತ ನನ್ನನ್ನೇ ನೋಡ್ತಿತ್ತು."

"ಕರು ಚೆನ್ನಾಗಿದೆ ತಾನೇ?"

"ಕರು ಚೆನ್ನಾಗಿದೆ. ನೀವು ಕಟ್ಟಿಕೊಟ್ಟ ಗೇರ್‌ಬಾಕ್ಸ್ ಚೆನ್ನಾಗಿಲ್ಲ."

ಅವರಿಗೆ ಕುರ್ಚಿ ತೋರಿಸಿ ಅಕ್ಕ ಒಳಗೆ ನಡೆದಳು. ನಡೆಯುವಾಗಲೇ ಅವಳಿಗೆ ತಲೆ ಸಿಡಿಯತೊಡಗಿತು. ಕಾರಣ ಗೇರ್‌ಬಾಕ್ಸ್ ಅಲ್ಲ.

ಗ್ಯಾರೇಜು ಅಕ್ಕನ ಅಪ್ಪ ಕಟ್ಟಿದ್ದು. ಅವರು ಹೋದ ಮೇಲೆ ಇಬ್ಬರು ಅಳಿಯಂದಿರು ನಡೆಸುತ್ತಿದ್ದರು. ಅಕ್ಕನ ಗಂಡ ದೊಡ್ಡಳಿಯ, ಅವಳ ತಂಗಿಯ ಗಂಡ ಚಿಕ್ಕಳಿಯ. ಬೀದಿಯವರ ಬಾಯಲ್ಲೂ ಗಿರಾಕಿಗಳ ಬಾಯಲ್ಲೂ ಅವೇ ಹೆಸರು. ಇಬ್ಬರೂ ಕೆಲಸ ಬಲ್ಲವರು, ಅದರಲ್ಲಿ ಎರಡು ಮಾತಿಲ್ಲ. ಡಾಕ್ಟರಮ್ಮನ ಕಾರಿನಂಥವನ್ನು ಸುತ್ತಮುತ್ತ ಬೇರೆ ಯಾರೂ ಬಿಚ್ಚುತ್ತಿರಲಿಲ್ಲ. ಕಾಲಿನಡಿ ಕ್ಲಚ್ ಪೆಡಲ್ಲೇ ಇಲ್ಲ, ಒಳಗೆ ಮಾತ್ರ ಎರಡು ಕ್ಲಚ್. ಒಂದು, ಮೂರು, ಐದನೆಯ ಗೇರುಗಳಿಗೆ ಒಂದು. ಎರಡು, ನಾಲ್ಕು, ಆರಕ್ಕೆ ಇನ್ನೊಂದು. ಒಂದು ಬಿಡುವ ಹೊತ್ತಿಗೆ ಇನ್ನೊಂದು ಹಿಡಿದಿರಬೇಕು, ಹಿಡಿಯಬೇಕಾದಾಗ ಜಾರಬಾರದು. ಅಷ್ಟು ಸೂಕ್ಷ್ಮದ ಕೆಲಸ.

ಹಿಂದಿನ ಸಲ ಡಾಕ್ಟರಮ್ಮನ ಕಾರಿನ ಗೇರ್‌ಬಾಕ್ಸ್ ಬಿಚ್ಚಿ, ಆ ಸೂಕ್ಷ್ಮದ ಕೆಲಸ ಅರ್ಧಕ್ಕೆ ಬಂದಿದ್ದಾಗಲೇ ಷಡ್ಡಕರಿಬ್ಬರೂ ಮಾತು ಬಿಟ್ಟರು. ಚಿಕ್ಕಳಿಯನ ಪೆಟ್ಟಿಗೆಯಲ್ಲಿ ಒಂದು ಸೊಟ್ಟ ಸ್ಪ್ಯಾನರ್ ಇತ್ತು. ಕೈ ಹೋಗದ ಸಂದಿಯ ಬೋಲ್ಟಿಗೆಂದು ಅವನೇ ಕಾಯಿಸಿ ಬಗ್ಗಿಸಿಕೊಂಡಿದ್ದು. ದೊಡ್ಡಳಿಯ ಗ್ಯಾರೇಜು ಚೊಕ್ಕಟ ಮಾಡುವ ಹುರುಪಿನಲ್ಲಿ ಅದನ್ನು ಗುಜರಿಗೆ ಎಸೆದ. ಚಿಕ್ಕಳಿಯ ಒಂದು ಮಾತು ಕೇಳಬಾರದಿತ್ತೇ ಎಂದ. ಸೊಟ್ಟ ಸ್ಪ್ಯಾನರಿಗೂ ಅಪ್ಪಣೆ ಪಡೆಯಬೇಕೇ ಎಂದ ದೊಡ್ಡಳಿಯ. ಅವತ್ತಿನಿಂದ ಒಬ್ಬರ ಮುಖ ಒಬ್ಬರು ನೋಡಿದ್ದರೆ ಕೇಳಿ. ಒಂದೇ ಬಾನೆಟ್ಟಿನ ಆ ಕಡೆ ಒಬ್ಬ, ಈ ಕಡೆ ಒಬ್ಬ ನಿಂತು, ಹೇಳುವುದನ್ನೆಲ್ಲ ಕೌಂಟರಿನಲ್ಲಿ ಕುಳಿತ ಅಕ್ಕನಿಗೆ ಕೂಗಿ ಹೇಳುತ್ತಿದ್ದರು. ಮನೆಯಲ್ಲೂ ಅದೇ ಪಾಡು. ಕೆಳಗಿನ ಮನೆ ತಂಗಿಯದು, ಮೇಲಿನದು ಅಕ್ಕನದು. ನೀರಿನ ಮೋಟರು ಹಾಕಬೇಕಾದರೂ ಮೆಟ್ಟಿಲಿನಲ್ಲಿ ಹೆಂಗಸರೇ ಓಡಾಡಬೇಕಿತ್ತು.

ಹೇಗೋ ಆ ಕೆಲಸ ಮುಗಿದಾಗ ದೊಡ್ಡಳಿಯ ಕಂಪ್ಯೂಟರ್ ಜೋಡಿಸಿ, ಕ್ಲಚ್ಚುಗಳು ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಗಾಡಿಗೆ ಹೊಸದಾಗಿ ಕಲಿಸಿದ್ದ. ಕೆಲವು ದಿನ ಗಾಡಿ ಹೇಳಿದ ಮಾತು ಕೇಳಿತ್ತು.

ಈಗ ಅವನು ಮತ್ತೆ ವೈರು ಜೋಡಿಸಿ ಪರದೆ ನೋಡುತ್ತಿದ್ದ. "ಬೆಸ ಗೇರಿನ ಕ್ಲಚ್ ಚೆನ್ನಾಗೇ ಹಿಡೀತಿದೆ. ಸಮ ಗೇರಿಂದು ಜಾರ್ತಿದೆ. ಇನ್ನೂ ಒತ್ತು, ಇನ್ನೂ ಒತ್ತು ಅಂತ ಕಂಪ್ಯೂಟರು ಕೊನೇ ತನಕ ಒತ್ತಿಬಿಟ್ಟಿದೆ, ಇನ್ನು ಒತ್ತೋಕೆ ಜಾಗ ಇಲ್ಲ. ಅವನಿಗೆ ಹೇಳೇ, ಬೇರಿಂಗ್ ಕೂರಿಸುವಾಗ ಸಂದಿನ ಅಳತೆ ತಪ್ಪಿದ್ದಾನೆ ಅಂತ."

'ಅವನು' ಪಕ್ಕದ ಮೇಜಿನ ಹತ್ತಿರವೇ ಕೈ ಒರೆಸಿಕೊಳ್ಳುತ್ತ ನಿಂತಿದ್ದ. "ಅತ್ತಿಗೆ, ಅಳತೆ ನೋಡಿ, ಮತ್ತೊಮ್ಮೆ ನೋಡೇ ಕೂರಿಸಿದ್ದು. ಕಲಿಸುವಾಗ ಅವರೇ ಅವಸರ ಮಾಡಿದ್ರೇನೋ, ವಿಚಾರಿಸಿ."

"ಅವಸರ ಯಾರ ಜಾಯಮಾನ ಅಂತ ಊರಿಗೇ ಗೊತ್ತು ಅಂತ ಹೇಳು."

"ಅತ್ತಿಗೆ, ಊರಿನ ವಿಷಯ ಆಮೇಲೆ. ಬಾಕ್ಸ್ ಇಳಿಸೋಣ ಅಂತ ಹೇಳಿ."

"ಇಳಿಸದೆ ಇನ್ನೇನು, ಪೂಜೆ ಮಾಡ್ತೀವಾ ಅಂತ ಹೇಳು."

ಅಕ್ಕ ಯಾರಿಗೂ ಏನೂ ಹೇಳಲಿಲ್ಲ. ಹೇಳಬೇಕಾದ್ದೆಲ್ಲ ಆಗಲೇ ಮುಟ್ಟಬೇಕಾದ ಕಿವಿಗೆ ಮುಟ್ಟಿಯಾಗಿತ್ತು.

ಡಾಕ್ಟರಮ್ಮ ಅಕ್ಕನ ಸ್ಕೂಟರು ತೆಗೆದುಕೊಂಡು ಹೊರಟರು. ಕಾರು ಮೇಲೇರಿತು, ಗೇರ್‌ಬಾಕ್ಸ್ ಕೆಳಗಿಳಿಯಿತು. ಇಳಿಸುವುದು ಒಬ್ಬನ ಕೈಲಾಗುವ ಕೆಲಸವಲ್ಲ. ಇಬ್ಬರೂ ಎರಡು ಬದಿ ಹಿಡಿದರು, ಬಾಯಿ ಮಾತ್ರ ಬಿಡಲಿಲ್ಲ. "ಸ್ವಲ್ಪ ಎಡಕ್ಕೆ" ಎಂದು ಹೇಳುವ ಬದಲು ದೊಡ್ಡಳಿಯ ಕೆಮ್ಮಿದ. ಚಿಕ್ಕಳಿಯ ಬಲಕ್ಕೆ ಸರಿದ. ಬಾಕ್ಸಿನ ಮೂಲೆ ಕಂಬಕ್ಕೆ ಬಡಿಯಿತು.

ಕ್ಲಚ್ ಬಿಚ್ಚುತ್ತಲೇ ಸುಟ್ಟ ವಾಸನೆ ಕೌಂಟರಿನ ತನಕ ಬಂತು. ಬೆಸ ಗೇರಿನ ತಟ್ಟೆ ಒಣಗಿ ಚೊಕ್ಕಟವಾಗಿತ್ತು. ಸಮ ಗೇರಿನ ತಟ್ಟೆಯ ಮೇಲೆ ಮಾತ್ರ ನಡುವಿನಿಂದ ಅಂಚಿಗೆ ಕಪ್ಪು ಗೆರೆಗಳು ಚಿಮ್ಮಿದ್ದವು. ಜಿಡ್ಡು. ಈ ತಟ್ಟೆ ಒಣಗಿದ್ದರಷ್ಟೇ ಹಿಡಿಯುವುದು. ಜಿಡ್ಡು ತಾಗಿದರೆ ಎಣ್ಣೆ ಕೈಯಲ್ಲಿ ಬಾಗಿಲ ಹಿಡಿ ತಿರುಗಿಸಿದ ಹಾಗೆ.

"ನೋಡೇ, ಆಯಿಲ್ ಸೀಲ್ ಸೋರಿದೆ. ಸೀಲ್ ಕೂರಿಸಿದ್ದು ಯಾರು ಅಂತ ಕೇಳು."

ಚಿಕ್ಕಳಿಯ ಸೀಲಿನ ಸುತ್ತ ಬೆರಳಾಡಿಸಿ, ಬೆರಳನ್ನು ಅಕ್ಕನ ಮೂಗಿನ ಹತ್ತಿರ ಹಿಡಿದ. "ಅತ್ತಿಗೆ, ಇದರಲ್ಲಿ ಒಂದು ಹನಿ ಎಣ್ಣೆ ಇದೆಯಾ ನೋಡಿ. ಸೀಲ್ ಒಣಗಿದೆ. ಕಣ್ಣಿದ್ದವರಿಗೆ ಕಾಣುತ್ತೆ ಅಂತ ಹೇಳಿ."

"ಕಣ್ಣಿನ ವಿಷಯ ಎತ್ತಬೇಡ ಅಂತ ಹೇಳು."

ಅಕ್ಕ ಅವನ ಬೆರಳನ್ನು ಪಕ್ಕಕ್ಕೆ ಸರಿಸಿದಳು. ಹೊರಗೆ ಹೋಗಿ ಗ್ಯಾರೇಜಿನ ಶಟರನ್ನು ಅರ್ಧ ಎಳೆದಳು. ಕೌಂಟರಿನ ಫೋನು ಹೊಡೆದುಕೊಳ್ಳುತ್ತಿತ್ತು, ಅದನ್ನು ಎತ್ತಿ ಕೆಳಗಿಟ್ಟಳು. ವಾಪಸು ಬಂದು ಒಂದು ಹಳೆಯ ಟೈರಿನ ಮೇಲೆ ಕುಳಿತಳು.

"ಇಬ್ಬರ ಜಗಳ ಮೂರನೆಯವರಿಗೆ ಲಾಭ ಅಂತಾರೆ. ಮೂರನೆಯವಳು ನಾನು. ನನಗೇನು ಲಾಭ ಬಂತು ಹೇಳಿ? ತಲೆನೋವು. ಇನ್ನು ನಿಮ್ಮ ಟಪಾಲು ನಾನು ಹೊರೋದಿಲ್ಲ. ಗಂಡ ಅಂತ ನೋಡೋದಿಲ್ಲ, ತಂಗಿ ಗಂಡ ಅಂತಾನೂ ನೋಡೋದಿಲ್ಲ. ಬಾಯಿದ್ದೋರು ಬಾಯಿ ತೆಗೀರಿ, ಇಲ್ದಿದ್ರೆ ಇಲ್ಲೇ ಕೂತಿರ್ತೀನಿ. ಅಡುಗೆ ಇಲ್ಲ, ಫೋನ್ ಇಲ್ಲ, ಏನೂ ಇಲ್ಲ."

ದೊಡ್ಡಳಿಯ ಕಂಪ್ಯೂಟರಿನ ವೈರು ಸುತ್ತತೊಡಗಿದ. ಸುತ್ತಿ ಮುಗಿಸಿ, ಬಿಚ್ಚಿ, ಮತ್ತೆ ಸುತ್ತಿದ. ಚಿಕ್ಕಳಿಯ ತಟ್ಟೆಯನ್ನು ಬೆಳಕಿಗೆ ಹಿಡಿದು ತಿರುಗಿಸುತ್ತಲೇ ಇದ್ದ. ಟೈರು ಕುಳಿತುಕೊಳ್ಳಲು ಹಿತವಾಗಿರಲಿಲ್ಲ. ಆದರೂ ಅಕ್ಕ ಅಲುಗಾಡಲಿಲ್ಲ. ಅಪ್ಪನ ಹಟ ಅವಳಿಗೂ ಬಂದಿದೆಯೆಂದು ಅಳಿಯಂದಿರಿಬ್ಬರಿಗೂ ಗೊತ್ತಿತ್ತು.

ಕೊನೆಗೆ ಚಿಕ್ಕಳಿಯ ತಟ್ಟೆಯ ಕಡೆ ನೋಡಿಕೊಂಡೇ ಹೇಳಿದ. "ಇದು ಎಣ್ಣೆ ಅಲ್ಲ ಭಾವ. ಗಟ್ಟಿಯಾಗಿದೆ. ಗ್ರೀಸು."

ದೊಡ್ಡಳಿಯ ವೈರು ಬಿಟ್ಟು ಬಂದ. ಗೆರೆಯನ್ನು ಉಗುರಿನಿಂದ ಕೆರೆದು ನೋಡಿದ. "ಹೌದು, ಗ್ರೀಸೇ. ಎಲ್ಲಿಂದ ಬಂತು?"

"ಈ ತಟ್ಟೆ ಏರಿಸೋ ಮುಂಚೆ ಶಾಫ್ಟಿನ ಹಲ್ಲಿಗೆ ತೆಳ್ಳಗೆ ಗ್ರೀಸು ಹಚ್ಚಬೇಕಲ್ಲ. ಹಚ್ಚಿದೆ. ಹೆಚ್ಚಾದದ್ದನ್ನ ಒರೆಸಿಯೇ ಊಟಕ್ಕೆ ಹೋದೆ."

"ಶಾಫ್ಟಿಗೆ ಹಚ್ಚಿದ್ದೆಯಾ?"

"ಹಚ್ಚದೆ ಬಿಡ್ತೀನಾ?"

ದೊಡ್ಡಳಿಯ ಗಡ್ಡ ಕೆರೆದುಕೊಂಡ. ಗಂಡ ಗಡ್ಡ ಕೆರೆದುಕೊಳ್ಳುವುದು ಯಾವಾಗ ಎಂದು ಅಕ್ಕನಿಗೆ ಚೆನ್ನಾಗಿ ಗೊತ್ತು. ಅವಳು ಟೈರಿನ ಮೇಲೆ ನೆಟ್ಟಗೆ ಕುಳಿತಳು.

"ನೀನು ಊಟಕ್ಕೆ ಹೋದಾಗ ಈ ತಟ್ಟೆ ಏರಿಸಿದ್ದು ನಾನು. ಏರಿಸೋ ಮುಂಚೆ ತಟ್ಟೆ ನಡುವಿನ ತೂತಿನ ಹಲ್ಲಿಗೆ ನಾನೂ ಹಚ್ಚಿದೆ."

"ಶಾಫ್ಟ್ ನೋಡಲಿಲ್ವಾ ಭಾವ?"

"ನೋಡಿದೆ. ಒರೆಸಿದ ಹಾಗಿತ್ತು. ಹಚ್ಚೋದು ಮರೆತಿದ್ದೀಯ ಅಂದ್ಕೊಂಡೆ."

"ಕೇಳಬಹುದಿತ್ತು."

"ಯಾರನ್ನ ಕೇಳ್ಲಿ? ಇವಳು ಬ್ಯಾಂಕಿಗೆ ಹೋಗಿದ್ಲು."

ಇಬ್ಬರು ಹಚ್ಚಿದ ಗ್ರೀಸು ಶಾಫ್ಟಿನ ಮೇಲೆ ತಟ್ಟೆ ಜಾರುವಾಗ ಮುಂದಕ್ಕೆ ಗುಪ್ಪೆಯಾಗಿ ಬಂದಿತ್ತು. ಗಾಡಿ ಓಡಿ ಬಿಸಿಯಾದಂತೆ ಕರಗಿ, ತಟ್ಟೆ ತಿರುಗಿದ ರಭಸಕ್ಕೆ ಚಿಮ್ಮಿತ್ತು. ಕಂಪ್ಯೂಟರು ಪಾಪ, ಜಾರುವ ತಟ್ಟೆಯನ್ನು ಒತ್ತೀ ಒತ್ತೀ ಸುಸ್ತಾಗಿತ್ತು.

ಅಕ್ಕನಿಗೆ ಮೊದಲು ನಗು ಬಂತು, ಆಮೇಲೆ ನಗು ಬಂದದ್ದಕ್ಕೇ ಇನ್ನಷ್ಟು ಸಿಟ್ಟು ಬಂತು. ಒಬ್ಬನಾದರೂ ಸೋಮಾರಿಯಾಗಿದ್ದರೆ ಗಾಡಿ ಸರಿಯಾಗಿರುತ್ತಿತ್ತು. ಇಬ್ಬರೂ ಜಾಣರಾಗಿ ಕೆಲಸ ಕೆಡಿಸಿದ್ದರು.

"ತೊಳೆದು ಹಾಕಿದ್ರೆ?" ಎಂದ ಚಿಕ್ಕಳಿಯ, ಅಷ್ಟೇನೂ ಆಸೆಯಿಲ್ಲದೆ.

"ಕುಡಿದ ಜಿಡ್ಡು ಬಿಡೋದಿಲ್ಲ. ಹೊಸ ತಟ್ಟೆಗಳನ್ನೇ ತರಿಸಬೇಕು. ಮತ್ತೆ ಅಳತೆ ನೋಡು."

"ನೋಡ್ತೀನಿ. ಗೇಜ್ ನೀವು ಹಿಡ್ಕೊಳ್ಳಿ."

ಸಂಜೆ ಸ್ಕೂಟರು ವಾಪಸು ತಂದ ಡಾಕ್ಟರಮ್ಮನಿಗೆ ಸುದ್ದಿ ಹೇಳುವ ಕೆಲಸವನ್ನು ಅಕ್ಕ ಅಳಿಯಂದಿರಿಗೇ ಬಿಟ್ಟಳು. ಒಬ್ಬ ಶುರು ಮಾಡಿದರೆ ಇನ್ನೊಬ್ಬ ತಿದ್ದುತ್ತ, ಹೇಗೋ ಹೇಳಿ ಮುಗಿಸಿದರು.

"ಅಂದ್ರೆ ಬೆಳಿಗ್ಗೆ ನಾನು ದಿಬ್ಬ ನಡೆದು ಹತ್ತಿದ್ದು ನೀವಿಬ್ಬರು ಮಾತಾಡದೆ ಇದ್ದದ್ದಕ್ಕಾ?" ಎಂದರು ಡಾಕ್ಟರಮ್ಮ.

"ಹೌದು," ಎಂದ ದೊಡ್ಡಳಿಯ. "ತಪ್ಪಾಯ್ತು."

"ದನಗಳೇ ವಾಸಿ. ಸಿಟ್ಟು ಬಂದ್ರೆ ಒದ್ದು ಮುಗಿಸ್ತವೆ." ಅವರು ನಗಲಿಲ್ಲ. ತಟ್ಟೆ ಬರುವ ತನಕ ಸ್ಕೂಟರು ತಮ್ಮ ಹತ್ತಿರವೇ ಇರಲಿ ಎಂದು ಹೇಳಿ, ಚಾವಿ ಜೇಬಿಗೆ ಹಾಕಿಕೊಂಡು ಹೋದರು. ಅಕ್ಕ ಅವತ್ತಿನಿಂದ ನಡೆದೇ ಓಡಾಡಿದಳು.

ತಟ್ಟೆಗಳು ಬಂದವು. ಈ ಸಲ ಗ್ರೀಸ್ ಡಬ್ಬಿಯ ಮುಚ್ಚಳ ತೆಗೆಯುವ ಮುಂಚೆ ಚಿಕ್ಕಳಿಯ, "ಭಾವ, ಹಚ್ತಾ ಇದ್ದೀನಿ," ಎಂದು ಪಕ್ಕದ ಅಂಗಡಿಗೂ ಕೇಳುವಂತೆ ಕೂಗಿದ. ಬಾಕ್ಸ್ ಏರಿತು, ದೊಡ್ಡಳಿಯ ನಿಧಾನವಾಗಿ ಕಲಿಸಿದ. ಪರೀಕ್ಷೆಗೆ ದಿಬ್ಬಕ್ಕೆ ಹೋಗುವಾಗ ಭಾರ ಇರಲಿ ಎಂದು ಅಕ್ಕನನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡರು.

ಗಾಡಿ ದಿಬ್ಬವನ್ನು ನುಂಗಿಕೊಂಡು ಹತ್ತಿತು. ಎರಡನೆಯ ಗೇರಿನಲ್ಲಿ, ನಾಲ್ಕನೆಯದರಲ್ಲಿ, ಎಲ್ಲೂ ಎಂಜಿನ್ನು ಸುಮ್ಮನೆ ಕೂಗಲಿಲ್ಲ. ಅಕ್ಕ ಉಸಿರು ಬಿಟ್ಟು ಸೀಟಿಗೆ ಒರಗಿದಳು.

ಒರಗಿದ್ದೇ ತಡ, ಮುಂದಿನ ಸೀಟಿನಲ್ಲಿ ಶುರುವಾಯಿತು. ಡೇರಿಯ ಹತ್ತಿರದ ತಿರುವಿನಲ್ಲಿ ಹೋಗಬೇಕೇ, ಮೇಲಿನ ರಸ್ತೆಯಲ್ಲೇ ಹೋಗಬೇಕೇ ಎಂದು. ಅಲ್ಲಿಂದ ಕಿಟಕಿ ಇಳಿಸುವುದಕ್ಕೆ ಹೋಯಿತು, ಕಿಟಕಿಯಿಂದ ಇಷ್ಟು ದಿನ ಮನಸ್ಸಿನಲ್ಲಿಟ್ಟುಕೊಂಡಿದ್ದ ಎಲ್ಲದಕ್ಕೂ. ಮಾತು ಬಿಟ್ಟಿದ್ದ ದಿನಗಳ ಬಾಕಿಯನ್ನೆಲ್ಲ ಒಂದೇ ದಿಬ್ಬದಲ್ಲಿ ತೀರಿಸುವಂತೆ ಇಬ್ಬರೂ ಒಟ್ಟಿಗೇ ಮಾತಾಡುತ್ತಿದ್ದರು.

"ಗಾಡಿ ನಿಲ್ಲಿಸಿ," ಎಂದಳು ಅಕ್ಕ.

"ಯಾಕೆ, ಏನಾದ್ರೂ ಸದ್ದು ಬಂತಾ?" ಗಂಡ ಗಾಬರಿಯಿಂದ ಕೇಳಿದ.

"ಬಂತು. ಆದ್ರೆ ಗಾಡೀದಲ್ಲ."

ಅವಳು ಇಳಿದು ಬಾಗಿಲು ಮುಚ್ಚಿದಳು. ಗಾಡಿ ಮೇಲಕ್ಕೆ ಹೋಯಿತು, ಜಗಳವೂ ಅದರ ಜೊತೆಗೇ ಹೋಯಿತು. ಅಕ್ಕ ಸೆರಗು ಸರಿಮಾಡಿಕೊಂಡು ಇಳಿಜಾರಿನ ಅಂಚಿನಲ್ಲಿ ನಿಧಾನವಾಗಿ ಕೆಳಗೆ ನಡೆಯತೊಡಗಿದಳು. ಬೇಲಿಯಾಚೆ ಹಸುಗಳು ಮೇಯುತ್ತಿದ್ದವು, ಗಾಳಿ ತಣ್ಣಗಿತ್ತು, ಯಾರೂ ಅವಳಿಗೆ ಏನೂ ಹೇಳುತ್ತಿರಲಿಲ್ಲ.