ತೂತಿಲ್ಲದ ಡಬ್ಬಗಳು

ನಡುಬೇಸಿಗೆಯಲ್ಲಿ ಸೋಮವಾರ ಹಿಡಿದ ಮಳೆ ಬುಧವಾರವಾದರೂ ಬಿಡಲಿಲ್ಲ. ತಾರಸಿ ಮೇಲಿನ ಒಂಟಿ ಕೋಣೆಯಲ್ಲಿ ಒಗೆದ ಬಟ್ಟೆ ಒಣಗದೆ ಮುಗ್ಗಲು ವಾಸನೆ ಹೊಡೆಯುತ್ತಿತ್ತು. ಪೇಂಟರನ ಕೆಮ್ಮು ಜೋರಾಗಿತ್ತು. ಇಪ್ಪತ್ತೆರಡು ವರ್ಷ ಕಂಡವರ ಗೋಡೆಗೆ ಬಣ್ಣ ಬಳಿದವನು ಎಂಟು ತಿಂಗಳಿಂದ ಮನೆಯಲ್ಲೇ ಇದ್ದ. ಬಣ್ಣದ ವಾಸನೆ, ಗೋಡೆ ಉಜ್ಜಿದ ಧೂಳು ಎರಡೂ ಇನ್ನು ಕೂಡದು ಎಂದು ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಹೇಳಿದ್ದರು.

ಸುಮ್ಮನೆ ಕೂರಲಾರದೆ ಅವನು ತಾರಸಿಯಲ್ಲಿ ಗಿಡ ಬೆಳೆಸಿದ್ದ. ಮೂವತ್ತೆಂಟು ಖಾಲಿ ಪೇಂಟ್ ಡಬ್ಬಗಳಲ್ಲಿ ಟೊಮ್ಯಾಟೊ, ದಪ್ಪ ಮೆಣಸಿನಕಾಯಿ, ಚೆಂಡು ಹೂವು. ರಸ್ತೆ ತಿರುವಿನ ನರ್ಸರಿಯವನು ಹೋದ ವಾರ ಕೆಳಗಿನಿಂದಲೇ ಕತ್ತೆತ್ತಿ ನೋಡಿ, "ಕೈಗುಣ ಚೆನ್ನಾಗಿದೆ ಕಣಯ್ಯ. ಬರೋ ಭಾನುವಾರ ಹತ್ತಿರದಿಂದ ನೋಡ್ತೀನಿ. ಹಿಡಿಸಿದ್ರೆ ಮಾರನೇ ದಿನದಿಂದಲೇ ಕೆಲಸಕ್ಕೆ ಬಾ" ಎಂದಿದ್ದ. ಅಂದಿನಿಂದ ಪೇಂಟರನ ಹೆಂಡತಿ ಭಾನುವಾರಕ್ಕೆ ಎಷ್ಟು ದಿನ ಉಳಿಯಿತೆಂದು ಎಣಿಸುತ್ತಿದ್ದಳು. ಅವಳದು ಹೋಟೆಲೊಂದರ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ. ಗಂಡನ ಎದೆಗೆ ಒಗ್ಗುವುದು ಗಾಳಿಯಲ್ಲಿ ಕೂತು ಮಾಡುವ ನರ್ಸರಿ ಕೆಲಸವೊಂದೇ. ಬೇರೆ ಯಾರೂ ಅವನನ್ನು ಕರೆಯುವವರಿರಲಿಲ್ಲ.

ಡಬ್ಬಗಳ ಅಡಿಯಲ್ಲಿ ಮಾತ್ರ ತೂತಿರಲಿಲ್ಲ. ಬಿಸಿಲಿದ್ದಷ್ಟು ದಿನ ಅದೇ ಅನುಕೂಲವಾಗಿತ್ತು. ಅವನು ಲೋಟದಲ್ಲಿ ಅಳೆದು ನೀರು ಹಾಕುತ್ತಿದ್ದ, ಒಂದು ಹನಿಯೂ ದಂಡವಾಗುತ್ತಿರಲಿಲ್ಲ. ಬೀದಿಯವರ ಕುಂಡಗಳೆಲ್ಲ ಸೊರಗಿದಾಗ ಇವನವು ಕೊಬ್ಬಿ ನಿಂತಿದ್ದವು. ಈಗ ಮೂವತ್ತೆಂಟೂ ಅಂಚಿನವರೆಗೆ ತುಂಬಿದ್ದವು.

"ರೀ, ಒಂದೊಂದು ತೂತು ಹೊಡೀರಿ. ಗಿಡಗಳು ಈಜು ಕಲೀತಿವೆ ಅಲ್ಲಿ."

"ಸುಮ್ನಿರೇ. ಕೆಳಗಿನ ಮನೆ ಚಾವಣಿಗೆ ನೀರಿಳಿಯುತ್ತೆ. ನಾನೇ ಬಳಿದ ಬಿಳಿ ಅದು."

"ಮೂರು ದಿನದಿಂದ ಆಕಾಶವೇ ಹರಿದು ಸುರೀತಿದೆ. ನಿಮ್ಮ ಡಬ್ಬದ ನೀರೇ ಹೆಚ್ಚಾಯ್ತಾ?"

"ನಾಳೆ ಬಿಡುತ್ತೆ."

ಡಬ್ಬ ಓರೆ ಮಾಡಿ ನೀರು ಚೆಲ್ಲಲು ಹೋದ. ನೀರಿನ ಜೊತೆ ಮಣ್ಣೂ ಹೋಯಿತು. ನಾಲ್ಕನೆಯದಕ್ಕೆ ಉಸಿರು ಹತ್ತಿ ಗೋಡೆಗೆ ಒರಗಿದ. ಉಳಿದವುಗಳಲ್ಲಿ ಹತ್ತನ್ನು ಅವಳು ಕೆಲಸಕ್ಕೆ ಹೋಗುವ ಮುಂಚೆ ಬಗ್ಗಿಸಿದಳು. ಸಂಜೆ ಹೊತ್ತಿಗೆ ಅವೂ ತುಂಬಿದ್ದವು.

ಗುರುವಾರ ಎಲೆಗಳು ಹಳದಿ ತಿರುಗಿ ಜೋತುಬಿದ್ದವು. ನೀರಲ್ಲೇ ನಿಂತ ಗಿಡ ನೀರಿಲ್ಲದ ಗಿಡದ ಹಾಗೇ ಬಾಡಿತ್ತು. ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನ ಬಂದವಳು, ಗಂಡ ಕೆಮ್ಮಿನ ಔಷಧಿ ಕುಡಿದು ಮಲಗಿದ್ದು ನೋಡಿ, ಸುತ್ತಿಗೆ, ದಪ್ಪ ಮೊಳೆ ತೆಗೆದುಕೊಂಡು ಮಳೆಯಲ್ಲೇ ಕುಕ್ಕರುಗಾಲಲ್ಲಿ ಕೂತಳು. ಮೊದಲ ಡಬ್ಬದಿಂದ ಕಪ್ಪು ನೀರು ಬಂತು, ಚರಂಡಿಯ ನಾತ. ಮೊಳೆ ಎರಡು ಸಲ ಜಾರಿ ಬೆರಳಿಗೆ ತಗುಲಿತು. ಹದಿಮೂರನೇ ಡಬ್ಬಕ್ಕೆ ಅವನು ಬಾಗಿಲಿಗೆ ಬಂದ.

"ಏನ್ ಮಾಡ್ತಿದ್ದೀಯ?"

"ಗಿಡ ನೆಟ್ಟ ದಿನ ನೀವು ಮಾಡಬೇಕಿದ್ದದ್ದು."

ಅವನು ನೆನೆಯುತ್ತಾ ಬಂದ. ಗಿಡಗಳನ್ನು ನೋಡಲಿಲ್ಲ. ತಳ ಸೋರುತ್ತಿದ್ದ ಡಬ್ಬವೊಂದನ್ನು ವಾಲಿಸಿ ತೂತಿನ ಮೇಲೆ ಬೆರಳಾಡಿಸಿದ.

"ಒಳ್ಳೊಳ್ಳೆ ಡಬ್ಬಗಳು. ಇನ್ನು ಇವುಗಳಲ್ಲಿ ಬಣ್ಣ ಕಲಸೋಕಾಗುತ್ತೇನೇ?"

ಅವಳು ಸುತ್ತಿಗೆ ಕೆಳಗಿಟ್ಟಳು. "ಯಾರು ಕಲಸ್ತಾರೆ?"

ಅವನ ಬೆರಳು ತೂತಿನ ಮೇಲೇ ಇತ್ತು.

"ನಿಮ್ಮನ್ನೇ ಕೇಳ್ತಿರೋದು. ಬಣ್ಣ ಯಾರು ಕಲಸ್ತಾರೆ?"

"ಎದೆ ಸ್ವಲ್ಪ ಸುಧಾರಿಸ್ಲಿ ಅಂತ..."

ಚಾವಣಿಯ ಮಾತೆಲ್ಲ ನೆಪ ಎಂದು ಅವಳಿಗೆ ಆಗ ತಿಳಿಯಿತು. ಎಂಟು ತಿಂಗಳೂ ಇವನು ಗಿಡ ಬೆಳೆಸಿರಲಿಲ್ಲ, ಡಬ್ಬ ಕಾಪಾಡಿಕೊಂಡಿದ್ದ. ಅವಳು ಮತ್ತೆ ಮೊಳೆ ಎತ್ತಿಕೊಂಡು ಉಳಿದ ಇಪ್ಪತ್ತೈದಕ್ಕೂ ಹೊಡೆದಳು. ಅವನು ತಡೆಯಲಿಲ್ಲ, ಕೈ ಜೋಡಿಸಲೂ ಇಲ್ಲ.

ಶನಿವಾರ ಮಳೆ ನಿಂತಿತು. ಭಾನುವಾರ ಸುಡುವ ಬಿಸಿಲು. ನರ್ಸರಿಯವನು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದು, ಒಂದು ಟೊಮ್ಯಾಟೊ ಗಿಡವನ್ನು ಎರಡೇ ಬೆರಳಲ್ಲಿ ಎಳೆದ. ಬೇರಿನ ಸಿಪ್ಪೆ ಕೈಗೆ ಲೋಳೆಯಾಗಿ ಅಂಟಿತು. ಪ್ಯಾಂಟಿಗೆ ಒರೆಸಿಕೊಂಡ.

ಅವನು ಬಾಯಿ ತೆರೆಯುವ ಮುಂಚೆ ಹೆಂಡತಿಯೇ ಶುರುಮಾಡಿದಳು. "ಈ ವಾರ ನೋಡ್ಕೊಂಡಿದ್ದು ನಾನು ಯಜಮಾನ್ರೇ. ಇವರು ಜ್ವರ ಬಂದು ಮಲಗಿಬಿಟ್ಟಿದ್ರು. ಇಸ್ತ್ರಿ ಪೆಟ್ಟಿಗೆ ಹಿಡಿಯೋಳಿಗೆ ಗಿಡ ಏನು ತಿಳಿಯುತ್ತೆ?"

ಅವನು ಡಬ್ಬ ಓರೆ ಮಾಡಿ ಅಡಿ ನೋಡಿದ. "ತೂತು ಹೊಸದಿದೆ?"

"ಅದೂ ನಾನೇ. ಬುದ್ಧಿ ಬಂದಿದ್ದು ಲೇಟು."

ನರ್ಸರಿಯವನು ನಕ್ಕ. "ಹೋಗ್ಲಿ ಬಿಡಮ್ಮ. ಈ ಮಳೆಗೆ ನನ್ನವೇ ಇನ್ನೂರು ಸಸಿ ಹೋದ್ವು. ಮೊದಲು ಹೇಗಿದ್ವು ಅಂತ ನಾನೇ ಕಂಡಿದ್ದೀನಲ್ಲ." ಪೇಂಟರನ ಕಡೆ ತಿರುಗಿದ. "ಜ್ವರ ಇಳೀತಾ? ನಾಳೆ ಬರೋಕಾಗುತ್ತಾ?"

ಅವಳು ಗಂಡನ ಮುಖವನ್ನೇ ನೋಡುತ್ತಿದ್ದಳು.

"ಜ್ವರ ಇರ್ಲಿಲ್ಲ," ಅವನು ಹೇಳಿದ. "ತೂತು ಬೇಡ ಅಂದಿದ್ದು ನಾನೇ. ಡಬ್ಬ ಹಾಳಾಗುತ್ತೆ ಅಂತ."

"ಡಬ್ಬಾನಾ?"

"ಹೂಂ."

ನರ್ಸರಿಯವನು ಸಾಲಾಗಿದ್ದ ಡಬ್ಬಗಳತ್ತ ಕಣ್ಣಾಡಿಸಿದ. "ನನ್ನಲ್ಲಿ ನಾಲ್ಕು ಸಾವಿರ ಗಿಡ ಇವೆಯಪ್ಪ. ಡಬ್ಬಕ್ಕೆ ಅಳೋನ ಕೈಲಿ ಹೇಗೆ ಬಿಡ್ಲಿ?" ಎಂದು, ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದು ಹೋದ.

ಅವಳು ಕೂಗಾಡಲಿಲ್ಲ. "ಸುಳ್ಳು ಹೇಳೋಕೆ ಬರದಿದ್ರೆ ಬಾಯಿ ಮುಚ್ಕೊಂಡಿರೋಕಾದ್ರೂ ಬರಲ್ವೇನ್ರೀ?"

"ಅಲ್ಲಿಗೆ ಹೋದ್ರೆ ನಾನು ಪೇಂಟರ್ ಅಲ್ಲ ಅಂತಾಗುತ್ತೆ ಕಣೇ."

"ಈಗ ಏನಾಗಿದ್ದೀರಿ?"

ಅವನಿಗೆ ಕೆಮ್ಮು ಬಂತು. ಅವಳು ಗೋಣಿಚೀಲ ತಂದು ಸತ್ತ ಗಿಡಗಳನ್ನು ಕಿತ್ತು ತುಂಬತೊಡಗಿದಳು.

"ನಾಳೆಯಿಂದ ಸಂಜೆ ಪಾಳಿಗೂ ನಿಲ್ತೀನಿ ಅಂತ ಲಾಂಡ್ರೀಲಿ ಹೇಳ್ತೀನಿ. ಅಡುಗೆ ನೀವು ಮಾಡ್ಕೋಬೇಕು."

"ಸ್ಟೌ ಹೊಗೆ ನನಗಾಗಲ್ವಲ್ಲೇ."

"ಹಾಗಾದ್ರೆ ತಣ್ಣಗಿದ್ದದ್ದನ್ನೇ ತಿನ್ನಿ," ಎಂದು ಅವಳು ಮುಂದಿನ ಗಿಡಕ್ಕೆ ಕೈ ಹಾಕಿದಳು.