ಹುಚ್ಚೆಳ್ಳಿನ ಕಮಾನು

"ಯಾವನೋ ಅವನು, ನನ್ ಹುಚ್ಚೆಳ್ಳಿಗೆ ಕುಡುಗೋಲು ಹಾಕಿದ್ದು?"

ಕಾಳಮ್ಮನ ಕೂಗಿಗೆ ಕುಶಾಲನಗರದ ರಸ್ತೆಯಲ್ಲಿ ಕಮಾನು ಕಟ್ಟುತ್ತಿದ್ದವರ ಕೈ ನಿಂತವು. ಬಿದಿರಿನ ಕಮಾನಿನ ತುಂಬ ರಸ್ತೆ ಪಕ್ಕದ ಅವಳ ಹೊಲದ ಹಳದಿ ಹೂವೇ. ಏಣಿಯ ಮೇಲಿದ್ದವನು ಅವಳ ತಮ್ಮ ಸಣ್ಣಸ್ವಾಮಿ.

"ಮೆತ್ತಗಕ್ಕ. ಮಡಿಕೇರಿ ಆಫೀಸರು ಬರ್ತಾವ್ರೆ. ಕಮಾನು ಚೆಂದ ಕಂಡ್ರೆ ಕಟ್ಟಿದೋನು ಯಾರು ಅಂತ ಕೇಳ್ತಾರೆ."

"ಕೇಳಿ? ನಿನ್ನ ತಾಲ್ಲೂಕು ಸುಬೇದಾರ ಮಾಡ್ತಾರಾ?"

ನೆರೆದವರು ನಕ್ಕರು. ಸಣ್ಣಸ್ವಾಮಿಗೆ ಉರಿದುಹೋಯಿತು. "ಹೂವ ತಾನೆ ಕುಯ್ದಿದ್ದು? ರಾಗಿ ಮುಟ್ಟಿದ್ನಾ?"

"ದನ ಬಾಯಿ ಹಾಕಲ್ಲ ಅಂತ್ಲೇ ರಾಗಿ ಸುತ್ತ ಹುಚ್ಚೆಳ್ಳು ಹಾಕೋದು ಕಣೋ! ಹಾಸನದಲ್ಲಿ ಅಪ್ಪ ಹಾಕ್ತಿರ್ಲಿಲ್ವಾ? ರಸ್ತೆ ಮಗ್ಗುಲಲ್ಲಿ ಗಾಡಿ ನುಗ್ಗೋವಷ್ಟು ಕಂಡಿ ಮಾಡಿದೀಯ. ದನ ನುಗ್ಗಿದ್ರೆ ವರ್ಷವೆಲ್ಲ ನಮ್ಗೆ ಮುದ್ದೆ ನೀನು ಹಾಕ್ತೀಯಾ?"

"ನುಗ್ಗಿದ್ರೆ ನಾನೇ ಓಡಿಸ್ತೀನಿ, ಹೋಗು!"

ಅಷ್ಟರಲ್ಲಿ ತಿರುವಿನಲ್ಲಿ ಜೀಪು ಕಂಡಿತು. ಅದರ ಮುಂದೆ ಮೇಯಲು ಹೊರಟ ಊರ ದನಗಳು. ಡ್ರೈವರು ಹಾರನ್ ಒತ್ತಿದ್ದೇ ತಡ, ಮಂದೆ ಬೆದರಿ, ಬಾಲ ಎತ್ತಿ, ಆ ಕಂಡಿಯಲ್ಲೇ ಕಾಳಮ್ಮನ ರಾಗಿಗೆ ನುಗ್ಗಿತು.

ಕಾಳಮ್ಮ ಸೆರಗು ಬಿಗಿದು ಓಡಿದಳು. "ಹೈ! ಹೈ! ಬನ್ರೋ!" ಆಫೀಸರ ಸ್ವಾಗತಕ್ಕೆ ನಿಂತಿದ್ದ ಪಟೇಲ ಹಾರ ಬಿಸಾಕಿ ಓಡಿದ. ಡೋಲಿನವನು ಕೋಲು ಬೀಸುತ್ತ ಓಡಿದ. ಹೊರಗಟ್ಟಿದ ದನ ಸುತ್ತು ಹೊಡೆದು ಅದೇ ಕಂಡಿಗೆ ಮತ್ತೆ ಬರುತ್ತಿದ್ದವು. ಎಳೆ ತೆನೆಯ ರುಚಿ ಕಂಡ ಬಾಯಿ ಬಿಟ್ಟೀತೆ? ಸಣ್ಣಸ್ವಾಮಿ ಮಾತ್ರ ಏಣಿ ಬಿಡಲಿಲ್ಲ. ಕಮಾನಿನ ಹೂ ಸರಿಮಾಡುತ್ತ ಜೀಪಿನತ್ತ ಹಲ್ಲು ಕಿರಿಯುತ್ತಿದ್ದ.

ಕಾಳಮ್ಮನ ಕಣ್ಣಿಗೆ ಅದು ಬಿತ್ತು.

"ಇಳಿಯೋ ಕೆಳಕ್ಕೆ!"

ಅವನು ಇಳಿದನೋ ಬಿದ್ದನೋ, ಅವಳು ಕಮಾನಿನ ಬಿದಿರು ಹಿಡಿದು ಎಳೆದೇಬಿಟ್ಟಳು. ಪಟೇಲ ಒಂದು ತುದಿಗೆ ಹೆಗಲು ಕೊಟ್ಟ, ಡೋಲಿನವನು ಇನ್ನೊಂದಕ್ಕೆ. ಕಮಾನು ಕಂಡಿಗೆ ಅಡ್ಡ ಬಿತ್ತು. ಮತ್ತೆ ನುಗ್ಗಿ ಬಂದ ಕೆಂಪು ಹಸು ಹೂವಿಗೆ ಮೂತಿ ಇಟ್ಟಿತು, ಮೂಸಿತು, ಸೀನಿ ತಿರುಗಿತು. ಹಿಂದಿನವೂ ತಿರುಗಿದವು.

"ತಿರುಗ್ದೋ! ತಿರುಗ್ದೋ!" ಡೋಲಿನವನು ಕುಣಿದೇ ಕುಣಿದ.

ಆಫೀಸರು ಜೀಪಿನಲ್ಲೇ ಎದ್ದು ನಿಂತು ನಕ್ಕರು. "ಭಲೇ! ಯಾರಮ್ಮ ಈ ಬೇಲಿ ಹಾಕಿದ್ದು?"

"ನಾನು ಸ್ವಾಮಿ. ಕಿತ್ತೋನು ಅಗೋ, ಅವ್ನು."

ಊರೆಲ್ಲ ಗೊಳ್ಳೆಂದಿತು. ಸಣ್ಣಸ್ವಾಮಿ ಏಣಿ ಹೆಗಲಿಗೇರಿಸಿ, "ಇನ್ ನಿನ್ನ ಹೊಸ್ಲು ತುಳಿದ್ರೆ ಕೇಳು!" ಎಂದು ಸೇತುವೆಯತ್ತ ಹೊರಟ.

"ಹೋಗು! ಏಣಿ ನಂದು, ಇಟ್ ಹೋಗು!"

ಏಣಿಯನ್ನು ದಢಾರೆಂದು ಬಿಸಾಕಿ, ಗಡಿಯ ಹೊಳೆ ದಾಟಿ, ಆಗಿನ ಕೊಡಗು ರಾಜ್ಯವನ್ನೇ ಬಿಟ್ಟು ಮೈಸೂರು ಸೀಮೆಗೆ ನಡೆದ. ರಾಗಿ ಕಣಕ್ಕೆ ಬಂದಾಗಲೂ ಅವನು ಬರಲಿಲ್ಲ.