ಶಿರಾದ ಮೇಲಿನ ಆಣೆ

ನ್ಯಾಲ್ಕಲ್ಲಿನ ವಿಠಲನ ಗುಡಿಯಲ್ಲಿ ಭಜನೆಯವರು ಕೂಡುವುದು ದೇವರಿಗಾಗಿಯೋ ರವೆಯ ಶಿರಾಕ್ಕಾಗಿಯೋ ಎಂದು ಚಂದ್ರಾಬಾಯಿಗೆ ಮೊದಲಿನಿಂದಲೂ ಗುಮಾನಿ. ಅವಳ ಗಂಡ ಆತ್ಮಾರಾಮನಂತೂ ತಾಳ ಕೈಗೆ ತಗೊಳ್ಳುವ ಮುಂಚೆಯೇ ಒಲೆಯ ಕಡೆ ಕತ್ತು ಚಾಚುತ್ತಿದ್ದ. ಕೊರಳಲ್ಲಿ ತುಳಸಿಮಾಲೆ ಇದ್ದವನು ಹೆಂಡ ಮುಟ್ಟುವ ಹಾಗಿಲ್ಲ. ಮುಟ್ಟಿದವನೂ ಅಲ್ಲ, ಪಾಪ. ಆದರೆ ತುಪ್ಪ ಸಕ್ಕರೆಗೆ ಮಾಲೆಯ ಅಡ್ಡಿಯಿಲ್ಲವಲ್ಲ! ಪ್ರಸಾದ ಬೇಡವೆಂದರೆ ಪಾಪ ಎಂದು ಭಜನೆಯ ಮುಖ್ಯಸ್ಥ ವೈಜಿನಾಥ ಎಲೆ ತುಂಬ ಬಡಿಸುತ್ತಿದ್ದ. ಇವನು ಪಾಪಕ್ಕೆ ಅಂಜಿ ಇನ್ನೊಮ್ಮೆ ಬಡಿಸಿಕೊಳ್ಳುತ್ತಿದ್ದ. ಎಂಥ ಭಕ್ತಿ!

ಹೀಗೆ ಭಕ್ತಿ ಮಾಡಿ ಮಾಡಿ ಅವನಿಗೆ ಶಕ್ಕರ್ ಬೀಮಾರಿ, ಅಂದರೆ ಸಕ್ಕರೆ ಕಾಯಿಲೆ ಬಂತು. ಬಚ್ಚಲ ಹಿಂದೆ ಅವನು ಉಚ್ಚೆ ಹೊಯ್ದಲ್ಲಿ ಇರುವೆ ಮುತ್ತತೊಡಗಿದವು. ಆಮೇಲೆ ಬಲ ಪಕ್ಕೆಯ ಕೆಳಗೆ ಭಾರ, ಮೈಗೆಲ್ಲ ಸುಸ್ತು. ಜಹೀರಾಬಾದಿನ ನಿಜಾಮ ಸರಕಾರದ ದವಾಖಾನೆಗೆ ಬಂಡಿ ಕಟ್ಟಿದರೆ, ಕರೆಯದಿದ್ದರೂ ವೈಜಿನಾಥ ಏರಿ ಕೂತ.

ಡಾಕ್ಟರು ಪಕ್ಕೆ ಒತ್ತಿ ನೋಡಿ, "ಜಿಗರ್ ಬಾತದ. ಸೇಂದಿ ಕುಡೀತೀಯೇನು?" ಎಂದು ಕೇಳಿದರು. ಜಿಗರ್ ಅಂದರೆ ಯಕೃತ್ತು, ಸೇಂದಿ ಅಂದರೆ ಈಚಲ ಹೆಂಡ. ಇಷ್ಟು ಕಿವಿಗೆ ಬಿದ್ದದ್ದೇ ತಡ, ವೈಜಿನಾಥ ಊರ ಕಡೆ ಹೊರಟಿದ್ದ ಇನ್ನೊಂದು ಬಂಡಿ ಹತ್ತಿದ. ಉತ್ತರ ಕೇಳುವಷ್ಟು ಪುರುಸೊತ್ತು ಅವನಿಗೆಲ್ಲಿ?

ಉತ್ತರ ಕೇಳಿದವಳು ಚಂದ್ರಾಬಾಯಿ. ಗಂಡ ಮಾಲೆ ಮುಟ್ಟಿ ಇಲ್ಲವೆಂದ. ಡಾಕ್ಟರು ಉಚ್ಚೆಯನ್ನು ನೀಲಿ ಔಷಧದಲ್ಲಿ ಕಾಯಿಸಿ, ಅದು ಇಟ್ಟಂಗಿಯ ಬಣ್ಣಕ್ಕೆ ತಿರುಗಿದ್ದನ್ನು ತೋರಿಸಿದರು; ಅದು ಸಕ್ಕರೆಯ ಗುರುತು. "ಕುಡಿಯೋರಿಗಷ್ಟೇ ಅಲ್ಲಮ್ಮ, ಶಕ್ಕರ್ ಬೀಮಾರಿಯೋರಿಗೂ ಜಿಗರ್‌ನ್ಯಾಗ ಕೊಬ್ಬು ತುಂಬತದ. ಸಿಹಿ, ತುಪ್ಪ ಬಂದ್ ಮಾಡ್ಸು. ದಿನಾ ಹೊಲದ ತನಕ ನಡಸು. ಈಗ ಬಿಟ್ರ ಇಳೀತದ. ಬಿಡಲಿಲ್ಲಂದ್ರ ಕಲ್ಲಾಗತದ, ಆಮ್ಯಾಲ ನನ್ನ ಕೈಯಾಗ ಏನೂ ಇಲ್ಲ."

ಗಂಡ ಹೆಂಡತಿ ಊರು ಮುಟ್ಟುವುದರೊಳಗೆ ಸುದ್ದಿ ಮನೆಮನೆ ಮುಟ್ಟಿತ್ತು: ಆತ್ಮಾರಾಮ ಕದ್ದು ಕುಡಿಯುತ್ತಾನೆ, ಡಾಕ್ಟರೇ ಹಿಡಿದರು! ಈಚಲ ಮರದ ನೆರಳಿಗೂ ನಿಲ್ಲದವನು. ಚಂದ್ರಾಬಾಯಿ ಬಾವಿಯ ಹತ್ತಿರ ಡಾಕ್ಟರ ಮಾತನ್ನು ಬಿಡಿಸಿ ಹೇಳಿದಳು. "ಶಿರಾ ತಿಂದ್ರ ಜಿಗರ್ ಬಾಯ್ತದಂತ!" ಎಂದು ನೆರೆಮನೆಯ ಭೀಮವ್ವ ನಕ್ಕು ಕೊಡ ಎತ್ತಿಕೊಂಡು ಹೋದಳು.

ದ್ವಾದಶಿಯ ಬೆಳಿಗ್ಗೆ ಗುಡಿಯಲ್ಲಿ ಪಂಚರು ಕೂತರು. ಕುಡಿದವನ ಮಾಲೆ ಇಳಿಸಬೇಕು, ಅದು ಭಜನೆಯವರ ಕಟ್ಟಳೆ. ಮಾಲೆ ಇಳಿದವನಿಗೆ ಆಷಾಢದಲ್ಲಿ ಪಂಢರಪುರಕ್ಕೆ ಹೋಗುವ ದಿಂಡಿಯಲ್ಲಿ ಜಾಗವಿಲ್ಲ. ಕುಡಿದಿಲ್ಲವಾದರೆ ಪ್ರಸಾದ ಹಿಡಿದು ಆಣೆ ಮಾಡಿ, ಎಲ್ಲರೆದುರಿಗೆ ಅದನ್ನು ತಿಂದು ಮುಗಿಸಬೇಕು. ವೈಜಿನಾಥ ತಾಟು ತಂದಿಟ್ಟ. ಶಿರಾ ಗುಡ್ಡೆ ಗುಡ್ಡೆಯಾಗಿತ್ತು, ಅಂಚಿನಿಂದ ತುಪ್ಪ ಇಳಿಯುತ್ತಿತ್ತು.

"ತಾಟು ಖಾಲಿ ಆಗಬೇಕು ನೋಡ್ರಿ ಆತ್ಮಾರಾಮ. ಬಿಟ್ರ ಆಣಿ ಸುಳ್ಳು," ಎಂದ.

"ಮಹಾರಾಜ್ರ, ಅದು ಇವರಿಗೆ ವಿಷ ಅದರಿ. ಡಾಕ್ಟರ್ ಹೇಳ್ಯಾರ," ಎಂದಳು ಚಂದ್ರಾಬಾಯಿ.

"ವಿಠಲನ ಪ್ರಸಾದಕ್ಕ ವಿಷ ಅಂತೀಯೇನವ್ವಾ?" ಎಂದ ವೈಜಿನಾಥ.

ಗುಡಿ ತುಂಬ ಥೂ ಥೂ ಎಂದರು. ಎಲೆ ತುಂಬ ಬಡಿಸಿ ಬಡಿಸಿ ಅವನ ಯಕೃತ್ತು ಕೆಡಿಸಿದವರೇ ಇವತ್ತು ಅದಕ್ಕೆ ನ್ಯಾಯ ಹೇಳಲು ಕೂತಿದ್ದರು! ಗಂಡನಾದರೂ ಒಂದು ಮಾತಾಡಿಯಾನೇ ಎಂದು ಅವಳು ತಿರುಗಿದಳು. ಅವನ ಕಣ್ಣು ತಾಟಿನ ಮೇಲಿತ್ತು. ಮಾನ ಉಳಿಯಿತೆಂಬ ಸಮಾಧಾನವೋ ಎಂದರೆ, ಅಲ್ಲ. ಆ ಮುಖ ಅವಳಿಗೆ ಚೆನ್ನಾಗಿ ಗೊತ್ತು. ಬಾಯಲ್ಲಿ ನೀರೂರಿದ ಮುಖ ಅದು. ಇಂಥವನಿಗಾಗಿ ಊರೆಲ್ಲ ಜಗಳಾಡಿದೆನಲ್ಲ ಎಂದು ಅವಳಿಗೆ ಮೈಯೆಲ್ಲ ಉರಿಯಿತು.

ಅವನು ತುತ್ತು ಎತ್ತಿದ. ಅವಳು ಆ ಕೈಗೆ ಬಡಿದಳು. ಅವನ ಕೊರಳಿನ ಮಾಲೆಯನ್ನು ತಾನೇ ತೆಗೆದು ವೈಜಿನಾಥನ ಮುಂದಿಟ್ಟಳು.

"ತಗೊಳ್ರಿ. ಕುಡುಕ ಅಂತನ ಅನ್ರಿ. ಮಾಲಿ ನಿಮಗಿರ್ಲಿ, ಗಂಡ ನನಗ ಬೇಕು."

ಅವನ ರಟ್ಟೆ ಹಿಡಿದು ಮೆಟ್ಟಿಲಿಳಿಸಿದಳು. ಹಿಂದೆ ಪಂಚರು ಮಾಲೆಯನ್ನು ಬದಿಗಿಟ್ಟು ತಾಟನ್ನು ನಡುವೆ ಎಳೆದುಕೊಂಡಿದ್ದರು.

"ಮಾಲಿ ಹೋತಲ್ಲೇ," ಎಂದು ಆತ್ಮಾರಾಮ ಮಗುವಿನಂತೆ ಅತ್ತ.

"ಹೋತು. ನಡೀರಿ, ಹೊಲದ ತನಕ."

ಅಳುತ್ತಲೇ ಅವನು ಬೆರಳು ಬಾಯಿಗೆ ಒಯ್ದ. ಶಿರಾ ಇನ್ನೂ ಅಂಟಿಕೊಂಡಿತ್ತು. ಚಂದ್ರಾಬಾಯಿ ಆ ಕೈಯನ್ನು ಕಸಿದು, ಸೆರಗಿನಿಂದ ಗಸಗಸ ಒರೆಸಿ, ಹೊಲ ಬರುವತನಕ ಬಿಡಲಿಲ್ಲ.